ಯಾವ ಬಾವುಟ ಅನ್ನೋ ಮೊದಲು ಯಾಕೆ ಅಂತ ಕೇಳಬೇಕಿತ್ತು

ಒಂದು ದೇಶ ತನ್ನ ಬಾವುಟವನ್ನು ಬದಲಿಸಬೇಕಾ ಬೇಡವಾ ಅಂತ ಜನರನ್ನೇ ಕೇಳಿಬಿಟ್ಟರೆ ಏನಾಗುತ್ತೆ? ನ್ಯೂಜಿಲೆಂಡ್ ಕೇಳಿ ನೋಡಿತು. 2015ರ ಕೊನೆಯಲ್ಲಿ ಒಂದು ಸುತ್ತು, 2016ರ ಮಾರ್ಚ್‌ನಲ್ಲಿ ಇನ್ನೊಂದು ಸುತ್ತು ಮತದಾನ. ಜನರಿಂದ ಬಂದ ವಿನ್ಯಾಸಗಳು 10,292. ಖರ್ಚು ಎರಡೂವರೆ ಕೋಟಿ ನ್ಯೂಜಿಲೆಂಡ್ ಡಾಲರಿನ ಆಸುಪಾಸು. ಇಷ್ಟೆಲ್ಲ ಆದಮೇಲೆ ಜನ ಹೇಳಿದ್ದು, "ಇರೋದೇ ಇರಲಿ ಬಿಡಿ" ಅಂತ.

ಇದನ್ನು ಓದಿ ನಕ್ಕು ಮುಂದೆ ಹೋಗಬಹುದು. ಆಗ ಪತ್ರಿಕೆಗಳಲ್ಲಿ ಬಂದದ್ದೂ ಬಹುಪಾಲು ಹಾಗೇ. ಆದರೆ ಈ ಕತೆಯ ಬೆನ್ನು ಹತ್ತಿ ಒಂದಷ್ಟು ಓದಿದಾಗ ನನಗೆ ಅನ್ನಿಸಿದ್ದೇ ಬೇರೆ. ಆ ದೇಶದಲ್ಲಿ ಬಾವುಟದ ಜಗಳ 2014ರಲ್ಲಿ ಶುರುವಾದದ್ದಲ್ಲ. ನೂರೆಂಬತ್ತು ವರ್ಷದ ಜಗಳ ಅದು. ಮೊದಲಿನ ಜಗಳ "ಇಲ್ಲಿ ಆಳೋರು ಯಾರು" ಅನ್ನೋದರ ಬಗ್ಗೆ ಇತ್ತು. ಕೊನೆಯದ್ದು "ಯಾವ ಚಿತ್ರ ಚೆನ್ನಾಗಿದೆ" ಅನ್ನೋದರ ಬಗ್ಗೆ ಆಗಿಹೋಯ್ತು. ಸೋತದ್ದು ಅಲ್ಲೇ ಅಂತ ನನ್ನ ಲೆಕ್ಕ.

ಮೊದಲು ಈಗಿನ ಬಾವುಟ ಹೇಗಿದೆ ನೋಡೋಣ. ಕ್ರಿಕೆಟ್ ನೋಡೋರಿಗೆಲ್ಲ ಗೊತ್ತಿರುತ್ತೆ. ಕಡುನೀಲಿ ಬಟ್ಟೆ, ಮೂಲೆಯಲ್ಲಿ ಬ್ರಿಟನ್ನಿನ ಯೂನಿಯನ್ ಜಾಕ್, ಪಕ್ಕದಲ್ಲಿ ಬಿಳಿ ಅಂಚಿನ ನಾಲ್ಕು ಕೆಂಪು ನಕ್ಷತ್ರ. ಆಸ್ಟ್ರೇಲಿಯಾದ್ದೂ ಹೆಚ್ಚುಕಡಿಮೆ ಇದೇ, ಅಲ್ಲಿ ನಕ್ಷತ್ರ ಆರು, ಬಣ್ಣ ಬಿಳಿ. ದೂರದಿಂದ ನೋಡಿದರೆ ಯಾವುದು ಯಾರದ್ದು ಅಂತ ನನಗಂತೂ ಇವತ್ತಿಗೂ ಒಂದು ಕ್ಷಣ ತಡವರಿಕೆ ಆಗುತ್ತೆ. ಆ ನಾಲ್ಕು ನಕ್ಷತ್ರ ಇವೆಯಲ್ಲ, ಅವು ನಮಗೇನೂ ಅಪರಿಚಿತ ಅಲ್ಲ. ನಾವು ತ್ರಿಶಂಕು ಅಂತ ಕರೆಯೋ ನಕ್ಷತ್ರಪುಂಜವೇ ಅದು. ಏಪ್ರಿಲ್-ಮೇ ತಿಂಗಳ ರಾತ್ರಿ ನಮ್ಮ ಕಡೆಯೂ ದಕ್ಷಿಣ ದಿಕ್ಕಿನಲ್ಲಿ ತಗ್ಗಿನಲ್ಲಿ ಕಾಣುತ್ತೆ. ಆ ಕಡೆ ಸ್ವರ್ಗವೂ ಇಲ್ಲ, ಈ ಕಡೆ ಭೂಮಿಯೂ ಇಲ್ಲ ಅನ್ನೋ ತ್ರಿಶಂಕು, ಯೂನಿಯನ್ ಜಾಕ್ ಪಕ್ಕದಲ್ಲಿ ಕೂತಿರೋದು ಎಷ್ಟು ಸರಿಯಾಗಿದೆ ನೋಡಿ :)

ಈಗ ಹಿಂದಕ್ಕೆ ಹೋಗೋಣ. 1830ರಲ್ಲಿ ನ್ಯೂಜಿಲೆಂಡ್ ಇನ್ನೂ ಬ್ರಿಟಿಷರ ವಸಾಹತು ಆಗಿರಲಿಲ್ಲ. ಅಲ್ಲಿನ ಹೋಕಿಯಾಂಗದಲ್ಲಿ ಕಟ್ಟಿದ 'ಸರ್ ಜಾರ್ಜ್ ಮರ್ರೆ' ಅನ್ನೋ ಹಡಗು ಸರಕು ಹೊತ್ತುಕೊಂಡು ಸಿಡ್ನಿಗೆ ಹೋಯ್ತು. ಜೊತೆಗೆ ಇಬ್ಬರು ಮಾವೊರಿ ನಾಯಕರೂ ಇದ್ದರು. ಸಿಡ್ನಿಯ ಸುಂಕದ ಅಧಿಕಾರಿಗಳು ಹಡಗನ್ನು ಹಿಡಿದು ಹಾಕಿದರು. ಕಾರಣ? ಅದಕ್ಕೆ ನೋಂದಣಿ ಇಲ್ಲ, ಹಾರಿಸೋದಕ್ಕೆ ದೇಶದ ಬಾವುಟ ಇಲ್ಲ. ಬಾವುಟ ಇಲ್ಲದ ಹಡಗು ಯಾರದ್ದೂ ಅಲ್ಲ ಅನ್ನೋದು ಸಮುದ್ರದ ಕಾನೂನು. ಬಾವುಟ ಅಂದ್ರೆ ಅಭಿಮಾನದ ಬಟ್ಟೆ ಅಂತ ನಾವು ಅಂದುಕೊಂಡಿದ್ದೀವಿ. ಅವರಿಗೆ ಅದು ಮೊದಲು ಬೇಕಾದದ್ದು ವ್ಯಾಪಾರಕ್ಕೆ, ಒಂಥರಾ ಹಡಗಿನ ನಂಬರ್ ಪ್ಲೇಟಿನ ಹಾಗೆ.

ಸರಿ, 1834ರ ಮಾರ್ಚ್ 20ರಂದು ವೈಟಾಂಗಿಯಲ್ಲಿ ಉತ್ತರ ಭಾಗದ 25 ಮಾವೊರಿ ನಾಯಕರು ಸೇರಿದರು. ಸೇರಿಸಿದ್ದು ಬ್ರಿಟಿಷ್ ಪ್ರತಿನಿಧಿ ಜೇಮ್ಸ್ ಬಸ್ಬಿ. ಮೂರು ಬಾವುಟಗಳನ್ನು ಮುಂದಿಟ್ಟು, ಒಂದನ್ನು ಆರಿಸಿ ಅಂದ. ಮತ ಹಾಕಿದರು. 12, 10, 3. ಗೆದ್ದದ್ದು ಹೆನ್ರಿ ವಿಲಿಯಮ್ಸ್ ಅನ್ನೋ ಮಿಷನರಿ ಮಾಡಿದ್ದು ಎನ್ನಲಾದ ಬಾವುಟ. ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆ, ಮೂಲೆಯ ನೀಲಿಯಲ್ಲಿ ಇನ್ನೊಂದು ಚಿಕ್ಕ ಶಿಲುಬೆ, ನಾಲ್ಕು ನಕ್ಷತ್ರ. ಬಂದರಿನಲ್ಲಿದ್ದ ಬ್ರಿಟಿಷ್ ಯುದ್ಧನೌಕೆ 'ಅಲಿಗೇಟರ್' 21 ತೋಪು ಹಾರಿಸಿ ವಂದನೆ ಕೊಟ್ಟಿತು. 'ಸಂಯುಕ್ತ ಬುಡಕಟ್ಟುಗಳ ಬಾವುಟ' ಅಂತ ಅದಕ್ಕೆ ಹೆಸರು.

ಗಮನಿಸಿ, ಮಾದರಿಗಳನ್ನು ಮಾಡಿದವರು ಬ್ರಿಟಿಷರು. ಆರಿಸಿದವರು ಮಾತ್ರ ಮಾವೊರಿಗಳು. ಆದರೂ ಆ ಬಾವುಟ ಅವರಿಗೆ ತಮ್ಮದೇ ಆಯ್ತು. ತೋಪು ಹಾರಿಸಿ ವಂದಿಸಿದ್ದಾರೆ ಅಂದ ಮೇಲೆ ನಾವೂ ಒಂದು ದೇಶ ಅಂತ ಒಪ್ಪಿಕೊಂಡ ಹಾಗೆ ತಾನೇ?

ಆರು ವರ್ಷ ಅಷ್ಟೇ. 1840ರ ಫೆಬ್ರವರಿ 6ರಂದು ಅದೇ ವೈಟಾಂಗಿಯಲ್ಲಿ ಒಪ್ಪಂದವಾಯ್ತು. ಇಂಗ್ಲಿಷ್ ಪ್ರತಿಯಲ್ಲಿ ಸಾರ್ವಭೌಮತ್ವವನ್ನೇ ರಾಣಿಗೆ ಕೊಟ್ಟೆವು ಅಂತಿದೆ, ಮಾವೊರಿ ಪ್ರತಿಯಲ್ಲಿ ಆಡಳಿತ ನಿಮ್ಮದು, ನಮ್ಮ ನಾಯಕತ್ವ ನಮ್ಮದೇ ಅನ್ನೋ ಅರ್ಥ ಬರುತ್ತೆ. (ಈ ಒಂದು ಅನುವಾದದ ಮೇಲೆ ಇವತ್ತಿಗೂ ಅಲ್ಲಿ ವಾದ ನಡೆಯುತ್ತೆ. ಅನುವಾದ ಮಾಡೋರೆಲ್ಲ ಒಮ್ಮೆ ಓದಬೇಕಾದ ಕತೆ ಅದು, ಇನ್ನೊಂದು ದಿನಕ್ಕಿರಲಿ.) ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಮೊದಲಿಗ ಹೋನೆ ಹೆಕೆ. ಸಹಿ ಆದ ಮೇಲೆ ಬುಡಕಟ್ಟುಗಳ ಬಾವುಟ ಇಳಿಯಿತು, ಯೂನಿಯನ್ ಜಾಕ್ ಏರಿತು. 1841ರಲ್ಲಿ ರಾಜಧಾನಿ ಆಕ್ಲೆಂಡಿಗೆ ಹೋಯ್ತು. ಸುಂಕ ಬಂತು, ಹಡಗುಗಳು ಬರೋದು ಕಡಿಮೆಯಾಯ್ತು, ಉತ್ತರದ ಕೊರೊರಾರೆಕ ಊರಿನ ವ್ಯಾಪಾರ ಬಿದ್ದುಹೋಯ್ತು.

ಕೊರೊರಾರೆಕದ ಮೈಕಿ ಗುಡ್ಡದ ಮೇಲೆ ಒಂದು ಧ್ವಜಸ್ತಂಭ ಇತ್ತು. ಅದರ ಮರ ಕೊಟ್ಟವನು ಹೆಕೆಯೇ, ತಮ್ಮ ಬಾವುಟ ಹಾರಲಿ ಅಂತ. ಈಗ ಅದರ ಮೇಲೆ ಬೇರೆ ಬಾವುಟ. 1844ರ ಜುಲೈ 8ರಂದು ಹೆಕೆಯ ಕಡೆಯವರು ಆ ಕಂಬವನ್ನು ಕಡಿದು ಉರುಳಿಸಿದರು. ಮನೆಗಳಿಗೆ ಬೆಂಕಿ ಇಡಲಿಲ್ಲ, ಬರೀ ಕಂಬ. ಸರಕಾರ ಮತ್ತೆ ನಿಲ್ಲಿಸಿತು. 1845ರ ಜನವರಿ 10ರಂದು ಎರಡನೇ ಸಲ ಕಡಿದರು. ಮತ್ತೆ ನಿಲ್ಲಿಸಿದರು. ಜನವರಿ 19ರಂದು ಮೂರನೇ ಸಲ. ಈ ಸಲ ಸರಕಾರ ಕಂಬಕ್ಕೆ ಕಬ್ಬಿಣದ ಕವಚ ಹಾಕಿತು, ಪಕ್ಕದಲ್ಲಿ ಕಾವಲು ಕೋಟೆ ಕಟ್ಟಿತು, ಸೈನಿಕರನ್ನಿಟ್ಟಿತು. 1845ರ ಮಾರ್ಚ್ 11ರ ಬೆಳಗಿನ ಜಾವ ಹೆಕೆ ಮತ್ತೆ ಬಂದ. ಕಂಬ ನಾಲ್ಕನೇ ಸಲ ಬಿತ್ತು, ಅವತ್ತು ಊರೂ ಉರಿಯಿತು, ಉತ್ತರದ ಯುದ್ಧ ಶುರುವಾಯ್ತು.

ಈ ಭಾಗ ಓದುವಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತಿದ್ದೆ. ಒಂದು ಬಾವುಟದ ಅರ್ಥ ಏನು ಅಂತ ಇಷ್ಟು ಸ್ಪಷ್ಟವಾಗಿ ಗೊತ್ತಿದ್ದ ಮನುಷ್ಯ ಬಹುಶಃ ಇನ್ನೊಬ್ಬ ಇರಲಿಕ್ಕಿಲ್ಲ. ಅವನಿಗೆ ಬಟ್ಟೆಯ ಬಣ್ಣದ ಮೇಲೆ ಸಿಟ್ಟಿರಲಿಲ್ಲ. ಕಂಬದ ತುದಿಯಲ್ಲಿ ಯಾರದ್ದು ಇದೆಯೋ ಕೆಳಗಿನ ನೆಲ ಅವರದ್ದು ಅನ್ನೋ ಲೆಕ್ಕ ಅವನಿಗೆ ಅರ್ಥವಾಗಿತ್ತು.

ಈಗಿನ ಬಾವುಟದ ಹುಟ್ಟು ಇದರ ಮುಂದೆ ತೀರಾ ಸಪ್ಪೆ. ವಸಾಹತುಗಳ ಹಡಗುಗಳಿಗೆ ಗುರುತು ಇರಬೇಕು ಅಂತ 1865ರಲ್ಲಿ ಬ್ರಿಟನ್ ಕಾನೂನು ಮಾಡಿತು. 1869ರಲ್ಲಿ ಆಲ್ಬರ್ಟ್ ಹೇಸ್ಟಿಂಗ್ಸ್ ಮಾರ್ಕಮ್ ಅನ್ನೋ ನೌಕಾಪಡೆಯ ಅಧಿಕಾರಿ ತ್ರಿಶಂಕುವಿನ ನಕ್ಷತ್ರ ಹಾಕಿ ಒಂದು ಗುರುತು ಮಾಡಿಕೊಟ್ಟ. ಅದು ಸರಕಾರಿ ಹಡಗುಗಳ ಬಾವುಟ. ಬೋಯರ್ ಯುದ್ಧದ ಹುರುಪಿನಲ್ಲಿ 1901ರಲ್ಲಿ ಕಾಯ್ದೆ ಮಾಡಿ, 1902ರಲ್ಲಿ ಅದನ್ನೇ ದೇಶದ ಬಾವುಟ ಅಂತ ಘೋಷಿಸಿದರು. ಜನರನ್ನು ಯಾರೂ ಕೇಳಲಿಲ್ಲ. ಆ ಕಾಲದಲ್ಲಿ ಕೇಳೋ ಪದ್ಧತಿಯೂ ಇರಲಿಲ್ಲ ಅನ್ನಿ.

ಇನ್ನು 2014. ಪ್ರಧಾನಿ ಜಾನ್ ಕೀ ಬಾವುಟ ಬದಲಿಸುವ ಬಗ್ಗೆ ಜನಮತಗಣನೆ ಮಾಡ್ತೀವಿ ಅಂತ ಭಾಷಣದಲ್ಲಿ ಘೋಷಿಸಿದರು. ಘೋಷಿಸಿದ ದಿನ ಯಾವುದು ಗೊತ್ತಾ? ಮಾರ್ಚ್ 11! ಹೆಕೆ ನಾಲ್ಕನೇ ಸಲ ಕಂಬ ಉರುಳಿಸಿದ ದಿನ. ಕಾಕತಾಳೀಯವೇ ಇರಬೇಕು.

ಕೀ ಅವರ ವಾದದಲ್ಲಿ ಹುರುಳಿಲ್ಲ ಅಂತಲ್ಲ. ನಾವೀಗ ಬ್ರಿಟನ್ನಿನ ಬಾಲ ಅಲ್ಲ, ನಮ್ಮ ಬಾವುಟ ನೋಡಿ ಜನ ಆಸ್ಟ್ರೇಲಿಯಾ ಅಂದುಕೊಳ್ತಾರೆ, ಕೆನಡಾದ ಎಲೆ ನೋಡಿ, ಕಂಡ ಕೂಡಲೇ ಗೊತ್ತಾಗುತ್ತೆ, ನಮಗೂ ಹಾಗೆ ಒಂದು ಬೇಕು. ಎಲ್ಲ ಸರಿ. ಆದರೆ ಜೊತೆಗೇ ಇನ್ನೊಂದು ಮಾತನ್ನೂ ಸೇರಿಸಿದರು. ಬಾವುಟ ಬದಲಾದರೂ ರಾಣಿ ನಮ್ಮ ರಾಣಿಯೇ, ವ್ಯವಸ್ಥೆಯಲ್ಲಿ ಏನೂ ಬದಲಾಗಲ್ಲ ಅಂತ. ಅಂದ್ರೆ ಮನೆ ಅದೇ, ಯಜಮಾನರೂ ಅವರೇ, ಬಾಗಿಲಿನ ಬಣ್ಣ ಮಾತ್ರ ಬೇರೆ. ಹೆಕೆ ಇದನ್ನು ಕೇಳಿದ್ದರೆ ಏನನ್ನುತ್ತಿದ್ದನೋ.

12 ಜನರ ಸಮಿತಿ ಕೂತಿತು. ಅದರಲ್ಲಿ ಮಾಜಿ ರಗ್ಬಿ ನಾಯಕರು, ಡಿಸ್ಕಸ್ ಆಟಗಾರ್ತಿ, ಉದ್ಯಮಿ ಎಲ್ಲ ಇದ್ದರು. ವಿನ್ಯಾಸವನ್ನೇ ವೃತ್ತಿ ಮಾಡಿಕೊಂಡವರು ಇಲ್ಲ ಅನ್ನೋ ಟೀಕೆ ಬಂತು. ಬಂದ ವಿನ್ಯಾಸಗಳ ವಿಷಯ ಕೇಳಬೇಡಿ. ಕಿವಿ ಹಕ್ಕಿ ಕಣ್ಣಿನಿಂದ ಲೇಸರ್ ಕಿರಣ ಬಿಡುತ್ತಿರೋ ಒಂದು ಚಿತ್ರ ಪ್ರಪಂಚವೆಲ್ಲ ಸುತ್ತಿತು. ನಿಜ ಹೇಳಬೇಕಂದ್ರೆ ಇಡೀ ಪ್ರಸಂಗದಲ್ಲಿ ಜನ ಇವತ್ತಿಗೂ ನೆನಪಿಟ್ಟಿರೋದು ಅದೊಂದನ್ನೇ. ಸಮಿತಿ 10,292ರಲ್ಲಿ 40 ಆರಿಸಿತು, 40ರಲ್ಲಿ 4. ನಾಲ್ಕರಲ್ಲಿ ಮೂರು ಜರೀಗಿಡದ ಎಲೆಯವು (ಅಲ್ಲಿನ 'ಸಿಲ್ವರ್ ಫರ್ನ್', ಆಲ್ ಬ್ಲ್ಯಾಕ್ಸ್ ರಗ್ಬಿ ತಂಡದ ಅಂಗಿಯ ಮೇಲೆ ಇರೋದು). ಅದರಲ್ಲೂ ಎರಡು ಒಬ್ಬರದ್ದೇ, ಕೈಲ್ ಲಾಕ್‌ವುಡ್ ಅವರದ್ದು. ವಿನ್ಯಾಸ ಒಂದೇ, ಬಣ್ಣ ಬೇರೆ. ಇದೆಂಥ ಆಯ್ಕೆ ಅಂತ ಗಲಾಟೆ ಎದ್ದ ಮೇಲೆ 'ರೆಡ್ ಪೀಕ್' ಅನ್ನೋ ಐದನೆಯದ್ದನ್ನು ಸಂಸತ್ತಿನಲ್ಲಿ ಕಾನೂನು ತಿದ್ದಿ ಸೇರಿಸಿದರು.

ಇನ್ನು ಪ್ರಶ್ನೆ ಕೇಳಿದ ಕ್ರಮ ನೋಡಿ. ಮೊದಲ ಸುತ್ತಿನಲ್ಲಿ ಕೇಳಿದ್ದು, ಬದಲಿಸೋದಾದರೆ ಈ ಐದರಲ್ಲಿ ಯಾವುದು? ಎರಡನೇ ಸುತ್ತಿನಲ್ಲಿ, ಗೆದ್ದದ್ದು ಬೇಕೋ, ಈಗಿನದ್ದೇ ಬೇಕೋ? ಬದಲಾವಣೆ ಬೇಕಾ ಅಂತ ಮೊದಲು ಕೇಳಿ ಅಂತ ವಿರೋಧ ಪಕ್ಷ ಲೇಬರ್ ಬಡಿದುಕೊಂಡಿತು. ಸರಕಾರದ ಉತ್ತರವೂ ತರ್ಕಬದ್ಧವೇ: ಎದುರಿಗೆ ಏನಿದೆ ಅಂತ ಗೊತ್ತಿಲ್ಲದೆ ಬದಲಾವಣೆ ಬೇಕೋ ಬೇಡವೋ ಅಂತ ಜನ ಹೇಗೆ ಹೇಳ್ತಾರೆ? ಕಾಗದದ ಮೇಲೆ ಇದು ಸರಿ. ಆದರೆ ಮದುವೆ ಬೇಕೋ ಬೇಡವೋ ಅಂತ ಹುಡುಗನನ್ನು ಕೇಳದೆ ಐದು ಫೋಟೋ ಮುಂದಿಟ್ಟ ಹಾಗಾಯ್ತು. ಅವನು ಮೂಗು ಸರಿಯಿಲ್ಲ, ಎತ್ತರ ಸಾಲದು ಅಂತಲೇ ಮಾತಾಡ್ತಾನೆ. ಯಾಕೆ ಮದುವೆ ಅನ್ನೋ ಮಾತು ಬರೋದೇ ಇಲ್ಲ. ಅಲ್ಲೂ ಹಾಗೇ ಆಯ್ತು. ಒಂದು ವರ್ಷ ಪೂರ್ತಿ ಜನ ಚರ್ಚಿಸಿದ್ದು ಎಲೆ ಎಷ್ಟು ಬಾಗಬೇಕು, ಕಪ್ಪು ಬೇಕಾ ಕೆಂಪು ಬೇಕಾ, ಇದು ಬಾವುಟವಾ ಟೀ ಟವೆಲ್ಲಾ ಅಂತ.

ಮೊದಲ ಸುತ್ತಿನಲ್ಲಿ ಅರ್ಧದಷ್ಟು ಮತದಾರರೂ ಮತ ಹಾಕಲಿಲ್ಲ. ಹಾಕಿದ್ದರಲ್ಲೂ ಸುಮಾರು ಒಂದೂವರೆ ಲಕ್ಷ ಮತಪತ್ರ ಲೆಕ್ಕಕ್ಕೆ ಸಿಗಲಿಲ್ಲ. ಕಪ್ಪು-ಬಿಳಿ-ನೀಲಿ ಎಲೆ ಕೂದಲೆಳೆಯಲ್ಲಿ ಗೆದ್ದಿತು. ಎರಡನೇ ಸುತ್ತಿಗೆ ಜನ ಎದ್ದು ಬಂದರು, ಶೇ. 67.8 ಮತದಾನ. 12,08,702 ಮತ ಹಳೇ ಬಾವುಟಕ್ಕೆ, 9,21,876 ಹೊಸದಕ್ಕೆ. ಒಟ್ಟು 71 ಕ್ಷೇತ್ರಗಳಲ್ಲಿ ಹೊಸದು ಗೆದ್ದದ್ದು ಬರೀ ಆರರಲ್ಲಿ. ಪ್ರಧಾನಿಗಳ ಸ್ವಂತ ಕ್ಷೇತ್ರವೂ ಆ ಆರರಲ್ಲಿ ಇರಲಿಲ್ಲ, ಪಾಪ.

ಹಳೇ ಬಾವುಟದ ಪರ ಹೆಚ್ಚು ದನಿ ಎತ್ತಿದವರು ನಿವೃತ್ತ ಸೈನಿಕರ ಸಂಘದವರು. ನಮ್ಮವರು ಈ ಬಾವುಟದಡಿ ಸತ್ತಿದ್ದಾರೆ ಅಂತ. ಈ ಮಾತಿಗೆ ಎದುರಾಡೋದು ಕಷ್ಟ. ಆದರೆ ಎರಡು ಮಹಾಯುದ್ಧಗಳಲ್ಲಿ ಸತ್ತ ನ್ಯೂಜಿಲೆಂಡ್ ಸೈನಿಕರ ಸಮಾಧಿಕಲ್ಲುಗಳ ಮೇಲೆ ಕೆತ್ತಿರೋದು ನಕ್ಷತ್ರವೂ ಅಲ್ಲ, ಯೂನಿಯನ್ ಜಾಕೂ ಅಲ್ಲ, ಅದೇ ಜರೀಗಿಡದ ಎಲೆ!

ನನಗೆ ಇನ್ನೂ ಆಶ್ಚರ್ಯ ತಂದದ್ದು ಏಳು ಮಾವೊರಿ ಕ್ಷೇತ್ರಗಳು. ಯೂನಿಯನ್ ಜಾಕಿನ ಕಂಬವನ್ನು ನಾಲ್ಕು ಸಲ ಕಡಿದವರ ನಾಡಿನಲ್ಲಿ ಏಳಕ್ಕೆ ಏಳೂ ಆ ಜಾಕ್ ಇರೋ ಬಾವುಟವನ್ನೇ ಉಳಿಸಿಕೊಂಡವು. ಪಕ್ಷ ರಾಜಕೀಯ ಇದ್ದೇ ಇತ್ತು, ಕೀ ತಂದದ್ದು ಅಂತಲೇ ಬೇಡ ಅಂದವರು ಬಹಳ. ಆದರೆ ಇನ್ನೊಂದು ವಾದವೂ ಇದೆ. ಒಪ್ಪಂದ ಆಗಿರೋದು ರಾಣಿಯ ಜೊತೆ. ಆ ಮೂಲೆಯ ಗುರುತು ಇರೋವರೆಗೂ ಒಪ್ಪಂದದ ಇನ್ನೊಂದು ಕಡೆಯವರು ಯಾರು ಅಂತ ನೆನಪಿರುತ್ತೆ. ಸಾಲದ ಪತ್ರ ಹರಿದುಹಾಕಿದರೆ ಸಾಲ ಕೊಟ್ಟವನಿಗೇ ನಷ್ಟ ತಾನೇ? ಅವರಿಗೆ ತಮ್ಮದೇ ಬಾವುಟ ಬೇರೆ ಇದೆ. 1990ರಲ್ಲಿ ಮೂವರು ಮಾವೊರಿ ಮಹಿಳೆಯರು ಮಾಡಿದ ಕಪ್ಪು-ಬಿಳಿ-ಕೆಂಪಿನ 'ತಿನೊ ರಂಗತಿರತಂಗ' ಬಾವುಟ. ಅದು 2010ರ ವೈಟಾಂಗಿ ದಿನ ಆಕ್ಲೆಂಡ್ ಬಂದರಿನ ಸೇತುವೆಯ ಮೇಲೆ ಅಧಿಕೃತವಾಗಿಯೇ ಹಾರಿತು.

ಕೀ ಪದೇ ಪದೇ ಉದಾಹರಣೆ ಕೊಡುತ್ತಿದ್ದ ಕೆನಡಾದಲ್ಲಿ ನಡೆದದ್ದು ಬೇರೆಯೇ ಥರ. ಅಲ್ಲೂ ಯೂನಿಯನ್ ಜಾಕ್ ಇರೋ ಕೆಂಪು ಬಾವುಟ ಇತ್ತು. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಶಾಂತಿಪಾಲನೆಗೆ ಕೆನಡಾ ಪಡೆ ಕಳಿಸ್ತೀವಿ ಅಂದಾಗ ಈಜಿಪ್ಟ್ ತಕರಾರು ತೆಗೆಯಿತು. ನಮ್ಮ ಮೇಲೆ ದಾಳಿ ಮಾಡಿದ ಬ್ರಿಟನ್ನಿನ ಗುರುತೇ ನಿಮ್ಮ ಬಾವುಟದಲ್ಲೂ ಇದೆ, ನಮ್ಮ ಜನಕ್ಕೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು ಅಂತ. ಆಗ ವಿದೇಶಾಂಗ ಮಂತ್ರಿಯಾಗಿದ್ದವರು ಲೆಸ್ಟರ್ ಪಿಯರ್ಸನ್. ಜೊತೆಗೆ ಕ್ವಿಬೆಕ್‌ನ ಫ್ರೆಂಚ್ ಭಾಷಿಕರಿಗೆ ಆ ಮೂಲೆಯ ಜಾಕ್ ದಿನನಿತ್ಯದ ಚುಚ್ಚುಮುಳ್ಳು. ಅಂದ್ರೆ "ಯಾಕೆ" ಅನ್ನೋದಕ್ಕೆ ಉತ್ತರ ಮೊದಲೇ ಸಿದ್ಧವಿತ್ತು, "ಯಾವುದು" ಅನ್ನೋದು ಆಮೇಲೆ ಬಂತು.

ಪಿಯರ್ಸನ್ ಪ್ರಧಾನಿಯಾದ ಮೇಲೆ 1964ರ ಮೇ 17ರಂದು ವಿನಿಪೆಗ್‌ನಲ್ಲಿ ಮಾಜಿ ಸೈನಿಕರ ಸಭೆಗೇ ಹೋಗಿ, ಬಾವುಟ ಬದಲಿಸ್ತೀನಿ ಅಂದರು. ಸಭೆ ಕೂಗಾಡಿತು. ಅವರ ಮನಸ್ಸಿನಲ್ಲಿ ಇದ್ದದ್ದು ನೀಲಿ ಪಟ್ಟಿಗಳ ನಡುವೆ ಮೂರು ಮೇಪಲ್ ಎಲೆ. ಸಂಸತ್ತಿನಲ್ಲಿ ಜಾನ್ ಡೀಫನ್‌ಬೇಕರ್ ನೇತೃತ್ವದ ವಿರೋಧ ಪಕ್ಷ ತಿಂಗಳುಗಟ್ಟಲೆ ಭಾಷಣ ಮಾಡಿ ತಡೆಯಿತು. ಕೊನೆಗೆ 15 ಜನರ ಸಮಿತಿ. ಅಲ್ಲಿ ನಡೆದದ್ದು ಒಳ್ಳೇ ಇಸ್ಪೀಟಾಟ. ಲಿಬರಲ್‌ಗಳು ತಮ್ಮ ಪ್ರಧಾನಿಯ ಮೂರೆಲೆಗೇ ಮತ ಹಾಕ್ತಾರೆ ಅಂದುಕೊಂಡು ವಿರೋಧದವರು ಒಂದೆಲೆಗೆ ಮತ ಹಾಕಿದರು. ಲಿಬರಲ್‌ಗಳೂ ಒಂದೆಲೆಗೇ ಹಾಕಿಬಿಟ್ಟರು. 14-0! ಇತಿಹಾಸಕಾರ ಜಾರ್ಜ್ ಸ್ಟಾನ್ಲಿ ಸೂಚಿಸಿದ್ದ ವಿನ್ಯಾಸ ಅದು. ಡಿಸೆಂಬರ್ 15ರ ಅಪರಾತ್ರಿ ಎರಡು ಗಂಟೆ ಸುಮಾರಿಗೆ 163-78ರಿಂದ ಸದನ ಒಪ್ಪಿತು, 1965ರ ಫೆಬ್ರವರಿ 15ಕ್ಕೆ ಬಾವುಟ ಏರಿತು. ಜನಮತಗಣನೆ ಮಾಡಿ ಅಂತ ಡೀಫನ್‌ಬೇಕರ್ ಕೇಳಿದ್ದರು, ಮಾಡಲಿಲ್ಲ.

ಸಿಟ್ಟು ಅಷ್ಟು ಬೇಗ ಇಳಿಯಲಿಲ್ಲ. ಆಂಟೇರಿಯೊ ಮತ್ತು ಮ್ಯಾನಿಟೋಬ ಪ್ರಾಂತ್ಯಗಳು ಹಳೇ ಕೆಂಪು ಬಾವುಟದ ಮಾದರಿಯನ್ನೇ ತಮ್ಮ ಪ್ರಾಂತ್ಯದ ಬಾವುಟ ಮಾಡಿಕೊಂಡವು, ಇವತ್ತಿಗೂ ಅವೇ ಇವೆ. 1979ರಲ್ಲಿ ಡೀಫನ್‌ಬೇಕರ್ ತೀರಿಕೊಂಡಾಗ ಶವಪೆಟ್ಟಿಗೆಯ ಮೇಲೆ ಹೊದಿಸಿದ್ದು ಎರಡು ಬಾವುಟ, ಎಲೆಯದ್ದೂ ಹಳೆಯದ್ದೂ.

ಹಾಗಾದರೆ ಜನರನ್ನು ಕೇಳಬಾರದಿತ್ತಾ? ಹಾಗೆ ಹೇಳಲು ನನಗೆ ಮನಸ್ಸು ಬರಲ್ಲ. ದಕ್ಷಿಣ ಆಫ್ರಿಕಾದಲ್ಲೂ ಜನರಿಂದ ಏಳು ಸಾವಿರಕ್ಕೂ ಹೆಚ್ಚು ವಿನ್ಯಾಸ ತರಿಸಿಕೊಂಡು ಒಂದೂ ಹಿಡಿಸದೆ, ಕೊನೆಗೆ ಫ್ರೆಡರಿಕ್ ಬ್ರೌನೆಲ್ ಅವರ ವಿನ್ಯಾಸವನ್ನು ಗಡಿಬಿಡಿಯಲ್ಲಿ ಆರಿಸಿದ್ದು. 1994ರ ಏಪ್ರಿಲ್ 27ಕ್ಕೆ ತಾತ್ಕಾಲಿಕ ಅಂತ ಹಾರಿಸಿದ ಬಾವುಟ ಅದು. ತಾತ್ಕಾಲಿಕವೇ ಕಾಯಂ ಆಯ್ತು. ಅಲ್ಲಿ ದೇಶವೇ ಬದಲಾಗಿತ್ತು, ಅದೇ ದಿನ ಎಲ್ಲ ಬಣ್ಣದ ಜನ ಮೊದಲ ಸಲ ಒಟ್ಟಿಗೆ ಮತ ಹಾಕಿದ್ದರು. ಬಾವುಟ ಸ್ವಲ್ಪ ಹಿಂದುಮುಂದಾಗಿದ್ದರೂ ನಡೆದುಹೋಗುತ್ತಿತ್ತು.

ನಮ್ಮಲ್ಲೇ ನೋಡಿ. ಮ. ರಾಮಮೂರ್ತಿಯವರ ಹಳದಿ-ಕೆಂಪು ಬಾವುಟವನ್ನು ಯಾವ ಸರಕಾರವೂ ಆರಿಸಿಕೊಟ್ಟದ್ದಲ್ಲ. 1960ರ ದಶಕದಲ್ಲಿ ಚಳವಳಿಗೆ ಅಂತ ಹುಟ್ಟಿ, ಆಟೋ, ಲಾರಿ, ನವೆಂಬರ್ ಒಂದರ ಬೀದಿಕಂಬ ಎಲ್ಲ ಹತ್ತಿತು. 2018ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ನಡುವೆ ಬಿಳಿ ಪಟ್ಟಿ, ಗಂಡಭೇರುಂಡದ ಲಾಂಛನ ಸೇರಿಸಿ ಹೊಸದೊಂದನ್ನು ತೋರಿಸಿದಾಗ ಹೆಚ್ಚು ಕೇಳಿಬಂದ ಪ್ರಶ್ನೆ, "ಈ ಬಿಳಿ ಎಲ್ಲಿಂದ ಬಂತು?" ರಾಜ್ಯಕ್ಕೊಂದು ಬಾವುಟ ಯಾಕೆ ಬೇಕು, ಅದರಿಂದ ಏನು ಹೇಳ್ತಿದ್ದೀವಿ ಅನ್ನೋ ದೊಡ್ಡ ಮಾತು ಪಟ್ಟಿಯ ಬಣ್ಣದ ಹಿಂದೆ ಮರೆಯಾಯ್ತು.

ನ್ಯೂಜಿಲೆಂಡಿನವನಾಗಿದ್ದರೆ ಬಾವುಟ ಬದಲಾಗಲಿ ಅನ್ನುವವರ ಗುಂಪಿನಲ್ಲೇ ನಾನಿರುತ್ತಿದ್ದೆ. ಬೇರೆ ದೇಶದ ಗುರುತನ್ನು ಮೂಲೆಯಲ್ಲಿ ಇಟ್ಟುಕೊಳ್ಳೋದು ನನ್ನಿಂದ ಆಗದ ಮಾತು. ಆದರೂ 2016ರ ಮಾರ್ಚ್‌ನಲ್ಲಿ ಆ ಎಲೆಗೆ ಮತ ಹಾಕುತ್ತಿದ್ದೆನಾ ಅಂದ್ರೆ ಬಹುಶಃ ಇಲ್ಲ. ಅರ್ಧ ಮನಸ್ಸಿನಲ್ಲಿ ಇಳಿಸಿದ ಬಾವುಟವನ್ನು ಇನ್ನೊಂದು ಸಲ ಇಳಿಸೋದು ಕಷ್ಟ. ಮುಂದೊಂದು ದಿನ ಅವರು ಗಣರಾಜ್ಯ ಆಗೋಣ ಅಂತ ತೀರ್ಮಾನಿಸಿದರೆ ಈ ಪ್ರಶ್ನೆ ತಾನಾಗಿಯೇ ಬರುತ್ತೆ, ಆಗ ಚಿತ್ರ ಬರೆಯೋದಕ್ಕೆ ಇಷ್ಟು ಒದ್ದಾಟ ಇರಲಿಕ್ಕಿಲ್ಲ.

ಅಂದ ಹಾಗೆ, ಮೈಕಿ ಗುಡ್ಡದ ಕಂಬದ ಕತೆ ಪೂರ್ತಿ ಹೇಳಲಿಲ್ಲ. 1845ರಲ್ಲಿ ನಾಲ್ಕನೇ ಸಲ ಬಿದ್ದ ಮೇಲೆ ಬ್ರಿಟಿಷರು ಅದನ್ನು ಮತ್ತೆ ನಿಲ್ಲಿಸುವ ಗೋಜಿಗೇ ಹೋಗಲಿಲ್ಲ. ಯುದ್ಧದಲ್ಲಿ ಗೆದ್ದೆವು ಅಂತ ಹೇಳಿಕೊಂಡರೂ ಗುಡ್ಡ ಹದಿಮೂರು ವರ್ಷ ಬೋಳಾಗೇ ಇತ್ತು. 1858ರ ಜನವರಿಯಲ್ಲಿ ಐದನೇ ಕಂಬ ನಿಂತಿತು. ನಿಲ್ಲಿಸಿದವನು ಮೈಹಿ ಪರಾವೊನೆ ಕಾವಿತಿ, ಹೆಕೆಯ ಜೊತೆ ಸೇರಿ ಯುದ್ಧ ಮಾಡಿದ ಕಾವಿತಿಯ ಮಗ. ಅದಕ್ಕೆ ಒಗ್ಗೂಡುವುದು ಅನ್ನೋ ಅರ್ಥದ ಹೆಸರನ್ನೂ ಇಟ್ಟರು. ಆ ಗುಡ್ಡದ ಮೇಲೆ ಈಗಲೂ ವರ್ಷದ ಕೆಲವು ಆಯ್ದ ದಿನಗಳಲ್ಲಿ ಏರಿಸೋದು 1834ರಲ್ಲಿ ಹನ್ನೆರಡು ಮತ ಪಡೆದ ಆ ಹಳೇ ಬಾವುಟವನ್ನು.